ಹಳದಿ ಗೆರೆಯಿಂದ ಎರಡು ಹೆಜ್ಜೆ ಹಿಂದೆ

ಅಮರಪ್ಪನ ಮುಖವನ್ನು ನೀವು ಯಾವ ಪರದೆಯ ಮೇಲೂ ನೋಡಿರುವುದಿಲ್ಲ. ಅವನ ಕೆಲಸವೇ ಅಂಥದ್ದು. ನಾಯಕ ತನ್ನ ಎಸಿ ವ್ಯಾನಿನಲ್ಲಿ ತಣ್ಣಗೆ ಕೂತಿರುವಾಗ ಅವನ ಬದಲು ದೀಪದ ಕೆಳಗೆ ನಿಲ್ಲುವವನು ಅಮರಪ್ಪ. ಕ್ಯಾಮೆರಾದವರು ಇವನ ಮುಖದ ಮೇಲೆ ಬೆಳಕು ಸರಿಮಾಡಿಕೊಳ್ಳುತ್ತಾರೆ. ಎಷ್ಟು ಹೆಜ್ಜೆ ನಡೆದು ಎಲ್ಲಿ ನಿಂತರೆ ಚೆಂದ ಎಂದು ಇವನನ್ನೇ ನಡೆಸಿ ನೋಡುತ್ತಾರೆ. ಎಲ್ಲ ಹೊಂದಿದ ಮೇಲೆ ಅಮರಪ್ಪ ಬಗ್ಗಿ, ತಾನು ನಿಂತ ಜಾಗದಲ್ಲಿ ಬಣ್ಣದ ಟೇಪಿನ ಎರಡು ತುಂಡು ಅಂಟಿಸಿ ಪಕ್ಕಕ್ಕೆ ಸರಿಯುತ್ತಾನೆ. ಅದನ್ನು ನಾವು ಮಾರ್ಕ್ ಅನ್ನುತ್ತೇವೆ. ನಾಯಕ ಬಂದು ಅದರ ಮೇಲೆ ಕಾಲಿಡುತ್ತಾನೆ. ಶಿಳ್ಳೆ ಬೀಳುವುದು ನಾಯಕನಿಗೆ.

ನಾನು ಮಂಜುಶ್ರೀ. ಸಿನಿಮಾ ಮಾಡುತ್ತೇನೆಂದು ಹೊರಟು ಕೊನೆಗೆ ಕಂಪನಿಗಳಿಗೆ ಹತ್ತು ನಿಮಿಷದ ಫಿಲ್ಮು ಮಾಡಿಕೊಡುವವಳಾದೆ. ವೈಟ್‌ಫೀಲ್ಡಿನ ಐಟಿ ಕಂಪನಿಗೆ ನಗುವ ಮುಖಗಳು, ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಗೆ ಹೊಳೆಯುವ ಯಂತ್ರಗಳು, ಎರಡಕ್ಕೂ ಹಿನ್ನೆಲೆಯಲ್ಲಿ ಅದೇ ಗಿಟಾರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಜೊತೆ ಕೆಲಸ ಮಾಡುವವರು ಹೇಳುತ್ತಾರೆ. ಇರಬಹುದು. ಇದನ್ನು ಬರೆಯುವಾಗ ಆ ಸಿಟ್ಟಿನ ಬಹುಪಾಲು ನನ್ನ ಮೇಲೇ ಇದೆ.

ಅಮರಪ್ಪ ಲಿಂಗಸುಗೂರಿನ ಕಡೆಯವನು. ಇಪ್ಪತ್ತೆರಡು ವರ್ಷದ ಹಿಂದೆ ಬೆಂಗಳೂರಿಗೆ ಬಂದು ಮೊದಲು ಗಾರೆ ಕೆಲಸ ಮಾಡಿದ, ಆಮೇಲೆ ಪೀಣ್ಯದಲ್ಲಿ ತಗಡು ಒತ್ತುವ ಒಂದು ಪ್ರೆಸ್ ಶಾಪಿನಲ್ಲಿ ಮೂರು ವರ್ಷ ಹೆಲ್ಪರ್ ಆಗಿದ್ದ. ಆ ಶಾಪು ಮುಚ್ಚಿತು. ಖಾಲಿ ಶೆಡ್ಡನ್ನು ಯಾವುದೋ ಸಿನಿಮಾದವರು ಹೊಡೆದಾಟದ ದೃಶ್ಯಕ್ಕೆಂದು ಬಾಡಿಗೆಗೆ ಹಿಡಿದರು. ಡ್ರಮ್ಮು ಸಾಗಿಸಲು ಅಮರಪ್ಪನನ್ನು ಕರೆದಿದ್ದರು. ನಾಯಕ ಬಂದಿರಲಿಲ್ಲ. ಕ್ಯಾಮೆರಾದವನು ಸುತ್ತ ಕಣ್ಣಾಡಿಸಿ, ನಾಯಕನಷ್ಟೇ ಎತ್ತರದ ಇವನನ್ನು ಕರೆದು, "ಏಯ್ ಗುರು, ಇಲ್ಲಿ ಸ್ವಲ್ಪ ನಿಂತ್ಕೋ" ಅಂದ. ಸ್ವಲ್ಪ ಎಂದರೆ ನಾಲ್ಕು ಗಂಟೆ. ಅಮರಪ್ಪ ಅಲ್ಲಾಡದೆ ನಿಂತ. ಮರುದಿನವೂ ಕರೆದರು. ಅವತ್ತಿನಿಂದ ನಿಲ್ಲುವುದೇ ಅವನ ಬದುಕಾಯಿತು.

ಸುಮ್ಮನೆ ನಿಂತವನಲ್ಲ ಅವನು. ನಿಂತಲ್ಲಿಂದಲೇ ಎಲ್ಲ ನೋಡುತ್ತಿದ್ದ. ಒಂದು ಧಾರಾವಾಹಿಯಲ್ಲಿ ಅತ್ತೆ ಸೊಸೆ ರಾಜಿಯಾಗುವ ದೃಶ್ಯ. ನಿರ್ದೇಶಕ ಇಬ್ಬರನ್ನೂ ಒಂದೇ ಸೋಫಾದ ಮೇಲೆ ಕೂರಿಸಿ ಎರಡು ಪುಟ ಮಾತು ಬರೆಸಿದ್ದ. ಎಷ್ಟು ಸಲ ಮಾಡಿದರೂ ಜೀವ ಬರಲಿಲ್ಲ. ಆಗ ಅಮರಪ್ಪ ನನ್ನ ಹತ್ತಿರ ಬಂದು, "ಸೊಸಿನ್ನ ಕುರ್ಚಿ ಮ್ಯಾಲ ಕುಂದ್ರಸ್ರಿ, ಅತ್ತಿ ಬಾಗಲದಾಗ ನಿಂದರ್ಲಿ, ಒಳಗ ಬರ್ಲಿಕ್ಕೆ ಒಂದ ಹೆಜ್ಜಿ ಎತ್ತಿ ಇಡ್ಲಿ. ಮಾತೇ ಬ್ಯಾಡ್ರಿ" ಎಂದು ಪಿಸುಗುಟ್ಟಿದ. ನಾನು ಆಗ ಸಹಾಯಕಿ. ಧೈರ್ಯ ಮಾಡಿ ನಿರ್ದೇಶಕನಿಗೆ ಹೇಳಿದೆ. ಮೊದಲು ಬೈದ, ಆಮೇಲೆ ಹಾಗೇ ತೆಗೆದ. ಅತ್ತೆ ಎತ್ತಿದ ಆ ಒಂದು ಹೆಜ್ಜೆಗೆ ಸೆಟ್ಟಿನಲ್ಲಿದ್ದವರು ಅತ್ತರು.

ಅವನ ಮಾತು ಒಂದೇ. "ಯಾರು ಕುಂತಾರ, ಯಾರು ನಿಂತಾರ, ನಡುವ ಎಷ್ಟು ಜಾಗ ಐತಿ, ಇಷ್ಟ ನೋಡ್ರಿ ಸಾಕು. ಯಾರ ತಪ್ಪು ಅನ್ನೋದು ಅಲ್ಲೇ ತಿಳಿತೈತಿ."

ಈ ರೋಗ ಅವನಿಗೆ ಸೆಟ್ಟಿನ ಹೊರಗೂ ಅಂಟಿತ್ತು. ಪೀಣ್ಯ ಎರಡನೇ ಹಂತದ ಟೀ ಅಂಗಡಿಯ ಮುಂದೆ ನಿಂತು ಶಿಫ್ಟು ಬಿಟ್ಟವರನ್ನು ನೋಡುತ್ತ, "ಆ ಕೆಂಪಂಗಿಯವ ಈ ವಾರ ಕೆಲಸ ಬಿಡ್ತಾನ್ರಿ, ನೋಡ್ರಿ ಬೇಕಾದ್ರ" ಅನ್ನುತ್ತಿದ್ದ. ಗೆಳೆಯರ ಗುಂಪಿನಲ್ಲಿ ಆ ಮನುಷ್ಯನ ಒಂದು ಕಾಲು ಆಗಲೇ ರಸ್ತೆಯ ಕಡೆ ತಿರುಗಿರುತ್ತಿತ್ತು. ಮುಂದಿನ ವಾರ ಅವನು ಇರುತ್ತಿರಲಿಲ್ಲ. ಮೊದಲೆಲ್ಲ ನನಗೆ ತಮಾಷೆ ಅನಿಸುತ್ತಿತ್ತು. ನನ್ನನ್ನೂ ಹಾಗೇ ನೋಡುತ್ತಿರಬಹುದೆಂದು ಹೊಳೆದ ದಿನದಿಂದ ಅವನೆದುರು ನೆಟ್ಟಗೆ ನಿಲ್ಲಲು ಶುರುಮಾಡಿದೆ.

ನನ್ನದೇ ಸಣ್ಣ ಕಂಪನಿ ಶುರುವಾದ ಮೇಲೆ ಅಮರಪ್ಪನನ್ನು ಬಿಡಲಿಲ್ಲ. ನನ್ನ ಫಿಲ್ಮುಗಳಲ್ಲಿ ನಾಯಕರಿಲ್ಲ, ಮ್ಯಾನೇಜರುಗಳು. ಅವರನ್ನು ಎಲ್ಲಿ ನಿಲ್ಲಿಸಿದರೆ ಸಜ್ಜನರಂತೆ ಕಾಣುತ್ತಾರೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹೋದ ವರ್ಷ ಪೀಣ್ಯದ ಒಂದು ಕಾರ್ಖಾನೆಯಿಂದ ಕರೆ ಬಂತು. ಹೆಸರು ಬೇಡ. ಅಲ್ಲಿ ನಾಲ್ಕು ತಿಂಗಳ ಹಿಂದೆ ಒಂದು ಅಪಘಾತವಾಗಿತ್ತು. ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳ ಎಡಗೈ ಹೋಗಿತ್ತು. ಮತ್ತೆ ಹಾಗಾಗಬಾರದು, ಹೊಸಬರಿಗೆ ತೋರಿಸಲು ಆ ಘಟನೆಯನ್ನೇ ಇಟ್ಟುಕೊಂಡು ಒಂದು ಸುರಕ್ಷತಾ ಫಿಲ್ಮು ಬೇಕು ಅಂದರು. ನಾನು ಎರಡು ಪ್ರಶ್ನೆ ಕೇಳಿದೆ. ಎಷ್ಟು ನಿಮಿಷ? ಹಿಂದಿಯಲ್ಲೂ ಬೇಕಾ? ಕೇಳಬೇಕಿದ್ದ ಮೂರನೆಯದನ್ನು, ನಿಜಕ್ಕೂ ನಡೆದದ್ದು ಏನು ಎಂಬುದನ್ನು, ಕೇಳಲಿಲ್ಲ.

ಪ್ರೆಸ್ ಎಂದರೆ ತಗಡನ್ನು ಒತ್ತಿ ಆಕಾರ ಕೊಡುವ ಆಳೆತ್ತರದ ಯಂತ್ರ. ಕೆಳಗೆ ಅಚ್ಚು, ಮೇಲಿನಿಂದ ಇಳಿಯುವ ಭಾರ. ಎಡಕ್ಕೊಂದು ಬಲಕ್ಕೊಂದು ಎರಡು ದಪ್ಪ ಗುಂಡಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಭಾರ ಇಳಿಯುತ್ತದೆ. ಎರಡು ಕೈಯೂ ಗುಂಡಿಯ ಮೇಲಿದ್ದರೆ ಅಚ್ಚಿನೊಳಗೆ ಕೈ ಉಳಿಯುವುದಿಲ್ಲ, ಅದಕ್ಕೇ ಎರಡು ಗುಂಡಿ. ಕಂಪನಿ ಕೊಟ್ಟ ಕಥೆ ಹೀಗಿತ್ತು: ಕೆಲಸ ಬೇಗ ಮುಗಿಸುವ ಆಸೆಗೆ ಆ ಹೆಂಗಸು ಎಡಗಡೆಯ ಗುಂಡಿಯನ್ನು ತಾನೇ ಬಟ್ಟೆಯಿಂದ ಬಿಗಿದು ಕಟ್ಟಿದಳು, ಸೂಪರ್‌ವೈಸರ್ ದೂರದಿಂದ ಕೂಗಿ ಎಚ್ಚರಿಸಿದರು, ಅವಳು ಕೇಳಲಿಲ್ಲ.

ಶೂಟಿಂಗು ಒಂದು ಭಾನುವಾರ ಬೆಳಿಗ್ಗೆ. ಕಾರ್ಖಾನೆಗೆ ರಜೆ. ಅಷ್ಟು ದೊಡ್ಡ ಶೆಡ್ಡಿನಲ್ಲಿ ನಾವು ಆರೇಳು ಜನ, ಸಾಲಾಗಿ ನಿಂತ ಪ್ರೆಸ್ಸುಗಳು, ನೆಲದ ಮೇಲೆ ಯಂತ್ರಗಳ ಸುತ್ತ ಎಳೆದ ಹಳದಿ ಗೆರೆ. ಕೈ ಹೋದವಳ ಪಾತ್ರಕ್ಕೆ ಸವಿತಾ ಎಂಬ ಜೂನಿಯರ್ ಆರ್ಟಿಸ್ಟ್ ಬಂದಿದ್ದಳು. ಸೂಪರ್‌ವೈಸರ್ ಪಾತ್ರಕ್ಕೆ ಅಪಘಾತದ ದಿನ ಡ್ಯೂಟಿಯಲ್ಲಿದ್ದ ಮುನಿರಾಜು ಅವರೇ. ಸಹಜವಾಗಿ ಬರಲಿ ಎಂದು ಕಂಪನಿಯೇ ಸೂಚಿಸಿತ್ತು.

ಮೊದಲ ರಿಹರ್ಸಲ್. ನಾನು ಎಲ್ಲರಿಗೂ ಹೇಳುವಂತೆ ಅವರಿಗೂ ಹೇಳಿದೆ: "ಅವತ್ತು ಹೇಗಿದ್ರೋ ಹಾಗೇ ಹೋಗಿ ನಿಂತ್ಕೊಳ್ಳಿ ಸಾರ್. ಮಿಕ್ಕಿದ್ದು ನಾವ್ ನೋಡ್ಕೋತೀವಿ."

ಮುನಿರಾಜು ಯೋಚನೆ ಮಾಡಲಿಲ್ಲ. ಬಲಗೈಯಲ್ಲಿದ್ದ ಫೋನನ್ನು ಕಿವಿಗೆ ಹಿಡಿದು, ಹಳದಿ ಗೆರೆ ದಾಟಿ, ಪ್ರೆಸ್ಸಿನ ಎಡಕ್ಕೆ ಅಂಟಿಕೊಂಡಂತೆ ನಿಂತರು. ಅವರ ಎಡ ಅಂಗೈ ತಾನಾಗಿ ಎಡಗಡೆಯ ಗುಂಡಿಯ ಮೇಲೆ ಕೂತಿತು. ಮನೆಯೊಳಗೆ ಬಂದವರು ಚಪ್ಪಲಿ ಬಿಡುವಷ್ಟು ಸಲೀಸಾಗಿ. ಅಮರಪ್ಪ ಬಗ್ಗಿ ಅವರ ಬೂಟಿನ ತುದಿಗೆ ಹಸಿರು ಟೇಪು ಅಂಟಿಸಿದ.

ನಾನು ಮಾನಿಟರ್ ನೋಡಿ ಕಿರುಚಿದೆ. ಮುನಿರಾಜು ಅವರ ಭುಜ ಸವಿತಾಳ ಮುಖವನ್ನು ಪೂರ್ತಿ ಮುಚ್ಚಿತ್ತು.

"ಮುಖ ಕಾಣ್ತಿಲ್ಲ ಅಮರಪ್ಪಾ! ಏನಾದ್ರೂ ಮಾಡಿ."

ಅಮರಪ್ಪ ನನ್ನ ಪಕ್ಕ ಬಂದು ಮಾನಿಟರ್ ನೋಡಿದ. ಕಣ್ಣು ಕಿರಿದು ಮಾಡಿದ. ಅಷ್ಟು ವರ್ಷ ನಿಂತ ಅನುಭವ ಆ ಅರ್ಧ ನಿಮಿಷದಲ್ಲಿ ಕೆಲಸ ಮಾಡಿತು. "ಸಾಹೇಬ್ರನ್ನ ಹಿಂದಕ್ಕ ಸರಸೂನ್ರಿ. ಹಳದಿ ಗೆರಿಯಿಂದ ಎರಡ ಹೆಜ್ಜಿ ಹಿಂದ. ಗದ್ದ ಸ್ವಲ್ಪ ಮ್ಯಾಲ, ಬೆಳಕಿಗೆ. ಈಕಿನ್ನ ಅರ್ಧ ಈ ಕಡೆ ತಿರಗಸ್ರಿ, ಕ್ಯಾಮೆರಾಕ್ಕ. ಈಕಿ ಒಬ್ಬಾಕಿನ ಅಂತ ಕಾಣಸ್ತೈತಿ ನೋಡ್ರಿ, ನೋಡಿದವರಿಗೆ ಎದಿ ಝಲ್ಲ ಅನ್ನಬೇಕು."

ಝಲ್ಲ ಅಂದಿತು. ಮುಂದೆ ಒಂಟಿ ಹೆಂಗಸಿನ ಮುಖ, ಹಿಂದೆ ದೂರದಲ್ಲಿ ಕೈ ಎತ್ತಿ ಕೂಗುವ ಗಂಡಸು, ನಡುವೆ ಖಾಲಿ ನೆಲ, ಆ ನೆಲವನ್ನು ಸೀಳಿದ ಹಳದಿ ಗೆರೆ. ಒಂದು ಮಾತಿಲ್ಲದೆ ಯಾರ ತಪ್ಪು ಎಂದು ತಿಳಿಯುತ್ತಿತ್ತು. ನಾನು ಚಪ್ಪಾಳೆ ತಟ್ಟಿದೆ. ಚಪ್ಪಾಳೆ ತಟ್ಟಿದ್ದು ಸುಳ್ಳಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮುನಿರಾಜು ಮಾನಿಟರಿನ ಮುಂದೆ ಬಂದು ಬಹಳ ಹೊತ್ತು ನೋಡಿದರು.

"ಇದೇ ಫೈನಲ್ಲಾ ಮೇಡಂ?"

"ಹೌದು ಸಾರ್. ಚೆನ್ನಾಗಿಲ್ವಾ?"

"ಚೆನ್ನಾಗೈತೆ," ಅಂದರು. ಮಾನಿಟರಿನಿಂದ ಕಣ್ಣು ತೆಗೆಯದೆ ಮತ್ತೆ, "ಇಂಗೇ ಇರ್ಲಿ ಬಿಡಿ ಮೇಡಂ" ಅಂದರು.

ಆಮೇಲೆ ಎಂಟು ಟೇಕು ಮಾಡಿದರೂ ಅವರು ಬೇಸರಿಸಲಿಲ್ಲ. ಪ್ರತಿ ಸಲವೂ ಅದೇ ಜಾಗ, ಅದೇ ಗದ್ದ, ಅದೇ ಎತ್ತಿದ ಕೈ. ಊಟಕ್ಕೆ ಬಿಟ್ಟಾಗ ಅವರು ಒಬ್ಬರೇ ಪ್ರೆಸ್ಸಿನ ಹತ್ತಿರ ಹೋಗಿ, ಬೂಟಿನ ತುದಿಯಿಂದ ಆ ಹಸಿರು ಟೇಪನ್ನು ಕೆರೆದು ತೆಗೆದರು. ಅಮರಪ್ಪ ಅದನ್ನು ನೋಡಿದ. ಮಾರ್ಕ್ ತೆಗೆಯುವುದು ಅವನ ಕೆಲಸ, ಬೇರೆಯವರು ಮುಟ್ಟಿದರೆ ಅವನಿಗೆ ಆಗುತ್ತಿರಲಿಲ್ಲ. ಅವತ್ತು ಸುಮ್ಮನಿದ್ದ.

ಮೂರು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಅಮರಪ್ಪ ನನ್ನ ಆಫೀಸಿಗೆ ಬಂದ. ಜೊತೆಗೆ ಒಬ್ಬ ಹೆಂಗಸು. ಮೂವತ್ತೈದರ ಆಸುಪಾಸು, ಸೆರಗನ್ನು ಎಡತೋಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ಕುರ್ಚಿ ತೋರಿಸಿದರೂ ಕೂರದೆ ಬಾಗಿಲ ಚೌಕಟ್ಟಿಗೆ ಎಡಪಕ್ಕ ಮರೆಮಾಡಿಕೊಂಡು ನಿಂತಳು. ಅವಳು ಮಹಾಂತಮ್ಮ, ಶಹಾಪುರದ ಕಡೆಯವಳು. ಕೈ ಕಳೆದುಕೊಂಡವಳು ಇವಳೇ ಎಂದು ಅಮರಪ್ಪ ಹೇಳುವ ಮೊದಲೇ ನನಗೆ ಗೊತ್ತಾಯಿತು.

ಅವಳ ಅಪಘಾತದ ವಿಚಾರಣೆ ನಡೆಯುತ್ತಿತ್ತು. ತಪ್ಪು ಅವಳದೇ ಎಂದು ತೀರ್ಮಾನವಾದರೆ ಕೆಲಸವೂ ಇಲ್ಲ, ಪರಿಹಾರವೂ ಇಲ್ಲ. ವಿಚಾರಣೆಗೆ ಬಂದ ಸರ್ಕಾರಿ ಅಧಿಕಾರಿಯ ಮುಂದೆ ಕಂಪನಿ ಲ್ಯಾಪ್‌ಟಾಪಿನಲ್ಲಿ ನನ್ನ ಫಿಲ್ಮು ಹಾಕಿತ್ತು. ನಡೆದದ್ದು ಹೀಗೆ ಎಂದು ಹೇಳಿತ್ತು. ಫಿಲ್ಮಿನಲ್ಲಿ ತನ್ನ ಪಾತ್ರ ಮಾಡಿದವಳು ಯಾರೆಂದು ಹುಡುಕಿಕೊಂಡು ಮಹಾಂತಮ್ಮ ಲಗ್ಗೆರೆಯಲ್ಲಿ ಸವಿತಾಳ ಮನೆಗೆ ಹೋಗಿದ್ದಳು. ಸವಿತಾ ಅವಳನ್ನು ಅಮರಪ್ಪನ ಹತ್ತಿರ ಕಳಿಸಿದ್ದಳು.

"ನಾ ಗುಂಡಿ ಕಟ್ಟಿಲ್ರೀ ಅಕ್ಕಾರ," ಅಂದಳು ಮಹಾಂತಮ್ಮ. "ಜೋಡಿ ಒತ್ತೋದು ಅಂತ ನಮ್ಮಲ್ಲಿ ಒಂದ್ ಪದ್ಧತಿ ಅದ. ಟಾರ್ಗೆಟ್ ಉಳದಾಗ ಎಡಗಡಿ ಗುಂಡಿ ಸರ ಒತ್ತತಾರ, ಬಲಗಡಿದು ನಾವು. ನಮ್ಮ ಒಂದ್ ಕೈ ಖಾಲಿ ಆಗ್ತದ, ತಗಡ ಹಾಕೋದು ತೆಗಿಯೋದು ಲಗೂ ಆಗ್ತದ. ಅವತ್ತು ತಗಡ ಸಿಕ್ಕೊಂತು. ಬಲಗೈ ಗುಂಡಿ ಮ್ಯಾಲೇ ಇತ್ತು, ಎಡಗೈ ಒಳಗ ಹಾಕಿ ಜಗ್ಗಾಕತ್ತಿದ್ದೆ. ಕೈ ತೆಗೀರಿ ಸರ ಅಂದೆ. ಅವರು ಫೋನಿನಾಗ ಮಾತಾಡಕೋಂತ ಒತ್ತಿಬಿಟ್ರು."

ಅವಳೇ ಮುಂದುವರಿಸಿದಳು. "ಆ ಪಿಚ್ಚರ ಕ್ಯಾಂಟೀನ್ ಟೀವ್ಯಾಗ ದಿನಾ ಹಾಕ್ತಾರಂತ. ಗೆಳತ್ಯಾರು ನನ್ನ ಫೋನಿಗೂ ಕಳಿಸ್ಯಾರ. ನೋಡಿ ನೋಡಿ ನಂಗೂ ಈಗ ಹಂಗೇ ನೆನಪಾಗ್ತದ ಅಕ್ಕಾರ. ಕಣ್ಣು ಮುಚ್ಚಿದ್ರ ಸರ ಗೆರಿ ಆಚಿಗೇ ನಿಂತಂಗ. ನಾನ ಕಟ್ಟಿದ್ನೇನೋ ಅಂತ ಒಮ್ಮೊಮ್ಮಿ..."

ನಾನು ಚಪ್ಪಾಳೆ ತಟ್ಟಿದ ಚಿತ್ರ ಈ ಹೆಂಗಸಿನ ತಲೆಯೊಳಗೆ ಹೋಗಿ ಅವಳ ಸ್ವಂತ ನೆನಪನ್ನೇ ಹೊರದೂಡುತ್ತಿತ್ತು.

ಅಮರಪ್ಪ ಚೀಲದಿಂದ ತನ್ನ ನೋಟ್‌ಬುಕ್ ತೆಗೆದ. ಪ್ರತಿ ದೃಶ್ಯಕ್ಕೂ ಅವನು ಅದರಲ್ಲಿ ಒಂದು ನಕ್ಷೆ ಬರೆಯುತ್ತಿದ್ದ. ಸೊನ್ನೆ ಎಂದರೆ ಮನುಷ್ಯ, ಬಾಣ ಎಂದರೆ ಮುಖ ತಿರುಗಿದ ದಿಕ್ಕು. ಆ ಭಾನುವಾರದ ಹಾಳೆಯಲ್ಲಿ ಹಸಿರು ಸೊನ್ನೆ ಪ್ರೆಸ್ಸಿಗೆ ಅಂಟಿತ್ತು. ಅದನ್ನು ಹೊಡೆದುಹಾಕಿ ಗೆರೆಯ ಆಚೆ ಕೆಂಪು ಸೊನ್ನೆ ಬರೆದಿದ್ದ.

"ಹಸಿರು ಮಾರ್ಕಿನ ರಿಹರ್ಸಲ್ ರೆಕಾರ್ಡ್ ಆಗಿತ್ತಲ್ರಿ ಮೇಡಂ. ಅದು ಬೇಕಾಗೇತ್ರಿ."

ಅದು ಇರಲಿಲ್ಲ. ಶೂಟಿಂಗಿನ ಮರುದಿನ ಬೇಡದ್ದನ್ನೆಲ್ಲ ಅಳಿಸಿ ಕಾರ್ಡ್ ಖಾಲಿ ಮಾಡುವುದು ನನ್ನ ಅಭ್ಯಾಸ. ಹಾಗೆಂದು ಹೇಳಿದೆ. ಅವನು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದ. ನಾನು ನಿಜ ಹೇಳುತ್ತಿದ್ದೇನೆಂದು ಅಲ್ಲಿ ತಿಳಿಯಿತೇನೋ, ನೋಟ್‌ಬುಕ್ ಮುಚ್ಚಿ ಕೂತ.

"ನೀವು ಪ್ರೆಸ್ಸಿನಲ್ಲಿ ಮೂರು ವರ್ಷ ಇದ್ದೋರು. ಅವರು ಗುಂಡಿ ಮೇಲೆ ಕೈ ಇಟ್ಟಿದ್ದು ನೋಡಿ ನಿಮಗೆ ಏನೂ ಅನ್ನಿಸ್ಲಿಲ್ವಾ?" ನನ್ನ ಸಿಟ್ಟಿಗೆ ಯಾರಾದರೂ ಬೇಕಿತ್ತು, ಅವನು ಸಿಕ್ಕಿದ.

"ನೋಡಿದ್ನಿರಿ," ಅಂದ. "ಕೈ ಇಟ್ಟದ್ದೂ ನೋಡಿದ್ನಿ, ಆಮ್ಯಾಲ ಟೇಪು ಕೆರದದ್ದೂ ನೋಡಿದ್ನಿ. ನಮ್ಮ ಶಾಪಿನ್ಯಾಗೂ ಜೋಡಿ ಒತ್ತಿಸ್ತಿದ್ರು, ನಂಗೊತ್ತಿಲ್ಲದ್ದಲ್ಲ. ಆದ್ರ ನನ್ನ ಕಣ್ಣು ಫ್ರೇಮಿನ್ಯಾಗ ಇತ್ತು ಮೇಡಂ. ಚೆಂದ ಆಗಬೇಕು ಅನ್ನೂದ ಒಂದ ತಲಿಯಾಗ ಇತ್ತು." ಆಮೇಲೆ ಮಹಾಂತಮ್ಮನ ಕಡೆ ತಿರುಗಿ, "ತಂಗಿ, ಅವರನ್ನ ಅಲ್ಲಿಂದ ಸರಿಸಿದವ ನಾನ" ಅಂದ.

ಅವಳು ಅವನನ್ನೇ ನೋಡುತ್ತ ನಿಂತಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಅಧಿಕಾರಿ ಮುಂದಿನ ಬುಧವಾರ ಕಾರ್ಖಾನೆಗೇ ಬಂದು ಸ್ಥಳ ನೋಡುವವರಿದ್ದರು. ಅದೇ ಕೊನೆಯ ಅವಕಾಶ. ಮಂಗಳವಾರ ಸಂಜೆ ಕಂಪನಿಯ ಮ್ಯಾನೇಜರ್ ಫೋನು ಮಾಡಿದ. ಮುಂದಿನ ವರ್ಷಕ್ಕೆ ಇನ್ನೂ ನಾಲ್ಕು ಫಿಲ್ಮು ಮಾಡಿಸುವ ಯೋಚನೆಯಿದೆ ಅಂದ. ನನ್ನ ಮಗಳು ಯಾವ ಸ್ಕೂಲಿಗೆ ಹೋಗುತ್ತಾಳೆಂದು ಕೇಳಿದ. ಕೇಳಿದ್ದಲ್ಲ, ಸ್ಕೂಲಿನ ಹೆಸರು ಅವನೇ ಹೇಳಿ, ಒಳ್ಳೆ ಸ್ಕೂಲು ಅಲ್ವಾ ಮೇಡಂ ಅಂದ. ಹೌದು ಅಂದೆ. ನಾಳೆ ನೀವು ಬರೋ ಅಗತ್ಯ ಏನಿಲ್ಲ ಅಂದ. ಇಲ್ಲ ಅಂದೆ.

ಬುಧವಾರ ಹತ್ತು ಗಂಟೆಗೆ ನಾನು ಆ ಗೇಟಿನ ಮುಂದಿದ್ದೆ. ಧೈರ್ಯದಿಂದ ಹೋದೆ ಎಂದರೆ ಸುಳ್ಳಾಗುತ್ತದೆ. ಅಮರಪ್ಪ ಒಂದೇ ಮಾತು ಕೇಳಿದ್ದ: "ಕ್ಯಾಮೆರಾ ಎಲ್ಲಿತ್ತೋ ಅಲ್ಲಿ ಬಂದು ನಿಂದರ್ರಿ, ಸಾಕು." ಅದನ್ನು ಬೇಡ ಅನ್ನಲು ಆಗಲಿಲ್ಲ.

ಶೆಡ್ಡಿನ ನೆಲಕ್ಕೆ ಹೊಸ ಬಣ್ಣ ಹೊಡೆದಿದ್ದರು. ಹಳದಿ ಗೆರೆ ಹೊಳೆಯುತ್ತಿತ್ತು. ಆ ಪ್ರೆಸ್ಸಿನ ಮೇನ್ ಸ್ವಿಚ್ ತೆಗೆದು ಬೀಗ ಹಾಕಿದ್ದರು, ಆದರೂ ಅದರ ಮುಂದೆ ನಿಲ್ಲಲು ಯಾರಿಗೂ ಮನಸ್ಸಿರಲಿಲ್ಲ. ಅಧಿಕಾರಿ ಐವತ್ತು ದಾಟಿದ, ದಣಿದ ಮುಖದ ಮನುಷ್ಯ. ಮ್ಯಾನೇಜರ್ ನನ್ನನ್ನು ನೋಡಿ ಬಿಳುಚಿಕೊಂಡ. ನಾನು ಯಾರನ್ನೂ ಕೇಳದೆ ಹೋಗಿ ಕಂಪ್ರೆಸರ್ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ನಿಂತೆ.

"ನೀವ್ಯಾರಮ್ಮಾ?" ಅಧಿಕಾರಿ ಕೇಳಿದರು.

"ಫಿಲ್ಮು ತೆಗೆದೋಳು ಸಾರ್. ಕ್ಯಾಮೆರಾ ಇಲ್ಲಿತ್ತು."

ಅವರು ತಲೆಯಾಡಿಸಿ ಮುನಿರಾಜು ಅವರಿಗೆ, ಅವತ್ತು ಎಲ್ಲಿದ್ದಿರೋ ಅಲ್ಲಿ ನಿಲ್ಲಿ ಎಂದರು. ಮುನಿರಾಜು ನೇರ ಹೋಗಿ ಗೆರೆಯಿಂದ ಎರಡು ಹೆಜ್ಜೆ ಹಿಂದೆ ನಿಂತರು. ಆಮೇಲೆ ಅಧಿಕಾರಿ ಮಹಾಂತಮ್ಮನನ್ನು ಕರೆದರು. ಅವಳು ಪ್ರೆಸ್ಸಿನ ಮುಂದೆ ಹೋದಳು. ಹೋಗಿ, ದೇವರೇ, ಅರ್ಧ ತಿರುಗಿ ನಿಂತಳು. ನನ್ನ ಕಡೆಗೆ.

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಮುನಿರಾಜು ಅವರ ಗದ್ದ, ಈಗ ಅಲ್ಲಿಲ್ಲದ ಬೆಳಕಿಗಾಗಿ, ಮೇಲೆದ್ದಿತ್ತು. ಅವಳ ಮುಖ ಸವಿತಾಳ ಮುಖ ಇದ್ದಂತೆಯೇ ಇತ್ತು. ಅಂಗುಲವೂ ಹೆಚ್ಚುಕಡಿಮೆ ಇಲ್ಲ. ಅಮರಪ್ಪ ಅಂಟಿಸಿದ ಟೇಪು ಆ ನೆಲದಲ್ಲಿ ಈಗ ಇರಲಿಲ್ಲ. ಇವರ ಮೈಯಲ್ಲಿತ್ತು.

"ಸರಿಯಾಗೇ ಇದೆಯಲ್ಲ," ಅಂದರು ಅಧಿಕಾರಿ. "ಇಬ್ಬರೂ ಒಪ್ಪಿದ ಹಾಗಾಯ್ತು." ಪೆನ್ನಿನ ಕ್ಯಾಪ್ ತೆಗೆದರು.

"ಒಂದ ಮಾತ್ರಿ ಸಾಹೇಬ್ರ." ಮಹಾಂತಮ್ಮನ ಜೊತೆಗೆಂದು ಬಂದಿದ್ದ ಅಮರಪ್ಪ ಮುಂದೆ ಬಂದ. ಅವನ ದನಿ ಅಷ್ಟು ಗಟ್ಟಿಯಾಗಿ ನಾನು ಯಾವತ್ತೂ ಕೇಳಿರಲಿಲ್ಲ. "ಇವರಿಬ್ರೂ ಯಾರಿಗೆ ಮುಖ ತೋರಸ್ಕೋಂತ ನಿಂತಾರ್ರಿ? ಅಲ್ಲಿ ಗೋಡಿ ಐತಿ. ಪ್ರೆಸ್ಸಿನ ಮ್ಯಾಲ ಮೂರ ದಿನ ದುಡದವರು ಯಾರೂ ಹಿಂಗ ನಿಂದ್ರಂಗಿಲ್ಲ. ಕಣ್ಣು ಅಚ್ಚಿನ ಮ್ಯಾಲಿಲ್ಲ. ಬಲಗೈ ಗುಂಡಿಗೆ ಎಟಕಂಗಿಲ್ಲ. ಈ ನಿಲುವು ಈಕಿದಲ್ರಿ, ನಂದು. ಮುಖ ಕಾಣಲಿ ಅಂತ ನಾನ ತಿರುಗಿಸಿದ್ದು. ಅವರನ್ನ ಅಲ್ಲಿ ನಿಂದ್ರಿಸಿದವನೂ ನಾನ."

ಮ್ಯಾನೇಜರ್ ಏನೋ ಹೇಳಲು ಬಾಯಿ ತೆರೆದ. ಅಧಿಕಾರಿ ಕೈ ಎತ್ತಿ ತಡೆದರು. ನನ್ನತ್ತ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಅಮರಪ್ಪ ಮಹಾಂತಮ್ಮನ ಹತ್ತಿರ ಹೋದ. ಮುಟ್ಟಲಿಲ್ಲ. "ತಂಗಿ, ಆ ಪಿಚ್ಚರ ಮರಿ. ಕಣ್ಣು ಮುಚ್ಚಿಕೋ. ಟಾರ್ಗೆಟ್ ಉಳದೈತಿ. ಕೆಲಸ ಮಾಡು."

ಅವಳು ಕಣ್ಣು ಮುಚ್ಚಿದಳು. ಆಮೇಲೆ ನಿಧಾನಕ್ಕೆ ಅವಳ ಮೈ ತಿರುಗಿತು. ಪಾದಗಳು ಅಗಲವಾದವು, ಎದೆ ಯಂತ್ರದ ಕಡೆ ಹೋಯಿತು. ಬಲ ಅಂಗೈ ಗುಂಡಿಯ ಮೇಲೆ ಕೂತಿತು. ಸೆರಗು ಸುತ್ತಿದ ಎಡತೋಳು ಅಚ್ಚಿನೊಳಗೆ ಹೋಯಿತು, ಅಲ್ಲಿಲ್ಲದ ಬೆರಳುಗಳಿಂದ ಅಲ್ಲಿಲ್ಲದ ತಗಡನ್ನು ಎಳೆಯತೊಡಗಿತು. ಅವಳು ಎಡಭುಜದ ಮೇಲಿಂದ ತಲೆ ಹೊರಳಿಸಿ, ಪಕ್ಕದಲ್ಲೇ ನಿಂತವರಿಗೆ ಹೇಳುವಷ್ಟು ಮೆಲ್ಲಗೆ ಅಂದಳು:

"ಕೈ ತೆಗೀರಿ ಸರ."

ಎಂಟು ಅಡಿ ದೂರದಲ್ಲಿ, ಗೆರೆಯ ಆಚೆ, ಮುನಿರಾಜು ಅವರ ಎಡಗೈ ಚಟ್ಟನೆ ಮೇಲೆದ್ದಿತು. ಬಿಸಿ ಹಂಚು ಮುಟ್ಟಿದವರಂತೆ. ಅದರ ಕೆಳಗೆ ಏನೂ ಇರಲಿಲ್ಲ, ಬರೀ ಗಾಳಿ. ಅವತ್ತು ಏಳಬೇಕಾಗಿದ್ದ ಕೈ ಇವತ್ತು ಎದ್ದಿತ್ತು.

ಎಲ್ಲರೂ ಆ ಕೈಯನ್ನೇ ನೋಡಿದೆವು. ಅವರೂ ನೋಡಿದರು. ಆಮೇಲೆ ಅದನ್ನು ಪ್ಯಾಂಟಿನ ಜೇಬಿನೊಳಗೆ ಹಾಕಿಕೊಂಡರು.

"ಯಾತರ ಮೇಲಿಂದ ಕೈ ತೆಗೆದ್ರಿ?" ಅಧಿಕಾರಿ ಕೇಳಿದರು. ಮುನಿರಾಜು ಅವರ ಕೈ ಜೇಬಿನಲ್ಲೇ ಉಳಿಯಿತು. ಅಧಿಕಾರಿ ಬರೆಯಲು ಶುರುಮಾಡಿದರು, ಬಹಳ ಹೊತ್ತು ಬರೆದರು.

ವರದಿಯಲ್ಲಿ ಗುಂಡಿ ಕಟ್ಟಿದ್ದು ಮಹಾಂತಮ್ಮ ಎಂಬ ಮಾತು ಬರಲಿಲ್ಲ. ಅವಳಿಗೆ ಸಿಗಬೇಕಾದ್ದು ಸಿಕ್ಕಿತು, ಕೈ ಬಿಟ್ಟು. ಮುನಿರಾಜು ಅವರನ್ನು ಬೇರೆ ಘಟಕಕ್ಕೆ ಹಾಕಿದರಂತೆ. ನನ್ನ ಮಗಳ ಸ್ಕೂಲು ಬದಲಿಸಿದೆ. ಮ್ಯಾನೇಜರ್ ಏನೂ ಮಾಡಲಿಲ್ಲ, ಆದರೂ ಬದಲಿಸಿದೆ. ಇಷ್ಟಕ್ಕೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಫಿಲ್ಮು ಇನ್ನೂ ಓಡುತ್ತಿದೆ. ತೆಗೆಯಿರಿ ಎಂದು ಮೂರು ಸಲ ಬರೆದೆ. ಅದು ತಮ್ಮ ಸ್ವತ್ತು, ಚೆನ್ನಾಗಿ ಬಂದಿದೆ, ಹೊಸಬರಿಗೆ ಬೇಗ ಅರ್ಥವಾಗುತ್ತದೆ ಎಂದು ಉತ್ತರ ಬಂತು. ಪ್ರತಿ ಸೋಮವಾರ ಹೊಸ ಹೆಣ್ಣುಮಕ್ಕಳನ್ನು ಕ್ಯಾಂಟೀನಿನಲ್ಲಿ ಕೂರಿಸಿ ತೋರಿಸುತ್ತಾರೆ.

ಅದಕ್ಕೇ ಅಮರಪ್ಪ ಸೋಮವಾರ ಶೂಟಿಂಗು ಒಪ್ಪುವುದಿಲ್ಲ. ಶಿಫ್ಟು ಬಿಡುವ ಹೊತ್ತಿಗೆ ಆ ಗೇಟಿನ ಎದುರು ನಿಂತಿರುತ್ತಾನೆ. ಸೆಕ್ಯುರಿಟಿಯವರು ಮೊದಲು ಓಡಿಸುತ್ತಿದ್ದರು, ಈಗ ತಲೆ ಕೆಟ್ಟವನೆಂದು ಬಿಟ್ಟಿದ್ದಾರೆ. ಹೋದ ವಾರ ನಾನೂ ಹೋಗಿದ್ದೆ. ಅಂದೇ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಊಟದ ಡಬ್ಬಿ ಹಿಡಿದು ಹೊರಗೆ ಬಂದಳು. ಅಮರಪ್ಪ ಅವಳನ್ನು ತಡೆದು, ರಸ್ತೆಯ ಬದಿಯಲ್ಲೇ ಪಾದ ಅಗಲಿಸಿ ನಿಂತು ತೋರಿಸಿದ.

"ಮಷೀನಿಗೆ ಎದಿ ಕೊಟ್ಟು ನಿಂದರಬೇಕವ್ವಾ. ಕಣ್ಣು ಅಚ್ಚಿನ ಮ್ಯಾಲ. ಹಿಂಗ."

ಹುಡುಗಿ ನಕ್ಕಳು. "ಹಂಗಲ್ಲ ಅಣ್ಣ, ನಮಗೆ ಬೆಳಗ್ಗೆನೇ ಟೀವಿಲಿ ತೋರ್ಸಿದಾರೆ." ಡಬ್ಬಿಯನ್ನು ಕೆಳಗಿಟ್ಟು, ಎರಡು ಕೈ ಮುಂದೆ ಚಾಚಿ, ಅರ್ಧ ತಿರುಗಿ, ಮುಖವನ್ನು ನನ್ನ ಕಡೆಗೆ ಎತ್ತಿ ನಿಂತಳು. "ಇಂಗೆ!"